ಸಾಲದ ಲೆಕ್ಕ, ಸಂಬಳದ ಲೆಕ್ಕ: ಅಮೆರಿಕದ ಕಾಲೇಜು ಕೋರ್ಸುಗಳಿಗೆ ಗಳಿಕೆಯ ಮಾನದಂಡ

ಓದು ಮುಗಿಸಿದವರು ಎಷ್ಟು ದುಡಿಯುತ್ತಾರೆ ಎಂಬುದರಿಂದ ಕೋರ್ಸಿನ ಯೋಗ್ಯತೆಯನ್ನು ಅಳೆಯುವ ಅಮೆರಿಕದ ನಿಯಮಗಳ ಕಾನೂನು ಬೇರು 1965ರಲ್ಲಿದೆ. ವೃತ್ತಿಪರ ಕೋರ್ಸುಗಳು ಒಂದು ಗುರುತಿತ ಕಸುಬಿನಲ್ಲಿ ಬದುಕು ಕಟ್ಟಿಕೊಳ್ಳುವಂಥ ಉದ್ಯೋಗಕ್ಕೆ ವಿದ್ಯಾರ್ಥಿಯನ್ನು ಸಜ್ಜುಗೊಳಿಸಿದರೆ ಮಾತ್ರ ಅವುಗಳಿಗೆ ಸರ್ಕಾರಿ ನೆರವು ಎಂಬುದು ಷರತ್ತು. ಲಾಭಕ್ಕಾಗಿ ನಡೆಯುವ ಕಾಲೇಜುಗಳ ಬಹುತೇಕ ಎಲ್ಲ ಕೋರ್ಸುಗಳಿಗೂ ಉಳಿದ ಕಾಲೇಜುಗಳ ಸರ್ಟಿಫಿಕೇಟ್ ಕೋರ್ಸುಗಳಿಗೂ ಇದು ಅನ್ವಯಿಸುತ್ತದೆ. ಈ ಷರತ್ತಿಗೆ ಅಂಕಿಯ ಗೆರೆ ಎಳೆದದ್ದು 2011ರಲ್ಲಿ, ಒಬಾಮ ಆಡಳಿತ. ಅಲ್ಲಿಂದ ಇಲ್ಲಿಯವರೆಗೆ ಅಳೆಯುವ ವಸ್ತುವೇ ಸದ್ದಿಲ್ಲದೆ ಬದಲಾಗಿದೆ ಎಂಬುದು ಈ ಲೇಖನದ ವಾದ. ಮೊದಲು ಅಳೆದದ್ದು ಕಾಲೇಜು ವಿದ್ಯಾರ್ಥಿಯ ಮೇಲೆ ಹೊರಿಸಿದ ಭಾರವನ್ನು. ಈಗ ಅಳೆಯುತ್ತಿರುವುದು ಅವನು ಆರಿಸಿಕೊಂಡ ಕಸುಬಿಗೆ ಸಮಾಜ ಕೊಡುವ ಕೂಲಿಯನ್ನು.

2011ರ ನಿಯಮ ಹೆಚ್ಚು ಕಾಲ ನಿಲ್ಲಲಿಲ್ಲ. ಹಿಂದಿನ ವಿದ್ಯಾರ್ಥಿಗಳ ಸಾಲದಲ್ಲಿ ಶೇ. 35ರಷ್ಟಾದರೂ ಮರುಪಾವತಿಯ ಹಾದಿಯಲ್ಲಿರಬೇಕು ಎಂಬ ಅದರ ಗೆರೆಗೆ ಆಧಾರವಿಲ್ಲವೆಂದು 2012ರಲ್ಲಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶ ರುಡಾಲ್ಫ್ ಕಾಂಟ್ರೆರಸ್ ಹೇಳಿದರು. ಇಷ್ಟು ಕೋರ್ಸುಗಳು ಸೋಲಲಿ ಎಂದು ಹಿಂದಿನಿಂದ ಲೆಕ್ಕ ಹಾಕಿ ಗೆರೆ ಎಳೆಯುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಅಂಕಿಗೂ ವಂಶಾವಳಿ ಬೇಕು ಎಂಬ ಈ ಪಾಠ 2014ರ ನಿಯಮದಲ್ಲಿ ಕಾಣುತ್ತದೆ. ಅದರ ಪ್ರಕಾರ ವರ್ಷದ ಸಾಲದ ಕಂತು ಒಟ್ಟು ಗಳಿಕೆಯ ಶೇ. 8ನ್ನು, ಇಲ್ಲವೇ ಬಡತನದ ಗೆರೆಯ ಒಂದೂವರೆ ಪಟ್ಟನ್ನು ಕಳೆದು ಉಳಿದ ಗಳಿಕೆಯ ಶೇ. 20ನ್ನು ಮೀರಬಾರದು. ಮೊದಲನೆಯದು ಮನೆಸಾಲ ಕೊಡುವವರ ರೂಢಿಯಿಂದ ಬಂದದ್ದು. ಎರಡನೆಯದು ಸ್ಯಾಂಡಿ ಬಾಮ್ ಮತ್ತು ಸಾಲ್ ಶ್ವಾರ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರ 2006ರ ಅಧ್ಯಯನದಿಂದ. ವರ್ಷಕ್ಕೆ 30,000 ಡಾಲರ್ ದುಡಿಯುವವರಿಗೆ ಮೊದಲ ಲೆಕ್ಕದಲ್ಲಿ ಸಿಗುವ ಅವಕಾಶ 2,400 ಡಾಲರ್, ಅಂದರೆ ತಿಂಗಳಿಗೆ 200.

ಈ ನಿಯಮದ ಮೊದಲ ಫಲಿತಾಂಶ 2017ರ ಜನವರಿಯಲ್ಲಿ ಬಂತು. ಸೋತ ಕೋರ್ಸುಗಳು 800ಕ್ಕೂ ಹೆಚ್ಚು, ಅವುಗಳಲ್ಲಿ ಶೇ. 98 ಲಾಭಕೋರ ಕಾಲೇಜುಗಳವು. ಅಂಥ ಕಾಲೇಜುಗಳ ಸರಣಿಗಳಾದ ಕೊರಿಂಥಿಯನ್ ಕಾಲೇಜಸ್ 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಮುಚ್ಚಿ, ಸಾವಿರಾರು ವಿದ್ಯಾರ್ಥಿಗಳು ಸಾಲ ಹೊತ್ತು ಬೀದಿಯಲ್ಲಿ ನಿಂತ ಹೊತ್ತು ಅದು. ಆದರೂ ನಿಯಮದಿಂದ ಒಂದೇ ಒಂದು ಕೋರ್ಸು ನೆರವು ಕಳೆದುಕೊಳ್ಳುವ ಮೊದಲೇ, 2019ರಲ್ಲಿ, ಟ್ರಂಪ್ ಆಡಳಿತ ಅದನ್ನು ರದ್ದುಪಡಿಸಿತು.

ಗಳಿಕೆ ಎಂದರೆ ಯಾವ ಗಳಿಕೆ ಎಂಬ ಜಗಳವೂ ಸಣ್ಣದಲ್ಲ. ಸರ್ಕಾರ ನೋಡುವುದು ದಾಖಲೆಗೆ ಬಂದ ಆದಾಯವನ್ನು ಮಾತ್ರ. ಬ್ಯೂಟಿ ಪಾರ್ಲರಿನಲ್ಲಿ ಕೈಗೆ ಬೀಳುವ ಟಿಪ್ಸ್ ಎಷ್ಟೋ ಸಲ ದಾಖಲಾಗುವುದಿಲ್ಲ. ಸೌಂದರ್ಯ ಶಾಲೆಗಳ ಸಂಘ ಇದೇ ಅಂಶ ಹಿಡಿದು ಮೊಕದ್ದಮೆ ಹೂಡಿದಾಗ, ಮೇಲ್ಮನವಿಯ ವಿಧಾನ ಅತಿ ಕಠಿಣವೆಂದು ಅದೇ ಕಾಂಟ್ರೆರಸ್ 2017ರಲ್ಲಿ ಒಪ್ಪಿದರು. ಶಾಲೆಗಳ ವಾದದಲ್ಲಿ ಹುರುಳಿದೆ. ಆದರೆ ದಾಖಲಾಗದ ಆ ಪುಡಿಕಾಸು ದುಬಾರಿ ಶುಲ್ಕಕ್ಕೆ ಸಮರ್ಥನೆಯಾದೀತು ಎಂದು ನನಗೆ ಅನ್ನಿಸುವುದಿಲ್ಲ.

2023ರಲ್ಲಿ ನಿಯಮ ಮರಳಿ ಬಂದಾಗ ಸಾಲದ ಪರೀಕ್ಷೆಯ ಪಕ್ಕದಲ್ಲಿ ಇನ್ನೊಂದು ಸೇರಿತು: ಕೋರ್ಸು ಮುಗಿಸಿದವರ ಗಳಿಕೆಯ ಮಧ್ಯಾಂಕ, ಅದೇ ರಾಜ್ಯದಲ್ಲಿ ಹೈಸ್ಕೂಲಿಗೇ ಓದು ನಿಲ್ಲಿಸಿದ 25ರಿಂದ 34 ವಯಸ್ಸಿನವರ ಮಧ್ಯಾಂಕಕ್ಕಿಂತ ಹೆಚ್ಚಿರಬೇಕು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ ಈ ಎರಡನೆಯದನ್ನಷ್ಟೇ ಎತ್ತಿಕೊಂಡು, ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಪದವಿಗಳಿಗೂ ಹಬ್ಬಿಸಿತು. ಸ್ನಾತಕೋತ್ತರ ಪದವಿಗೆ ಹೋಲಿಕೆ ಬರಿ ಪದವೀಧರರ ಜೊತೆ. ಮೂರು ವರ್ಷಗಳಲ್ಲಿ ಎರಡು ಸಲ ಸೋತರೆ ಆ ಕೋರ್ಸಿಗೆ ಸರ್ಕಾರಿ ಸಾಲ ಇಲ್ಲ. ಲಾಭಕೋರ ಶಾಲೆಗಳ ಮೇಲಿನ ದೂರುಗಳು ಬಹಳಷ್ಟು ಹುಟ್ಟಿದ್ದು ಸರ್ಟಿಫಿಕೇಟ್ ಕೋರ್ಸುಗಳಲ್ಲಿ. ಕಾಯ್ದೆಯ ಪರೀಕ್ಷೆಯಿಂದ ಸ್ನಾತಕ ಹಂತದ ಸರ್ಟಿಫಿಕೇಟುಗಳನ್ನೇ ಹೊರಗಿಟ್ಟದ್ದನ್ನು ಒಪ್ಪುವುದು ಕಷ್ಟ.

ಎರಡು ಪರೀಕ್ಷೆಗಳ ನಡುವಣ ಅಂತರ ಸೂಕ್ಷ್ಮವಾದದ್ದು. ಸಾಲದ ಪರೀಕ್ಷೆಯಲ್ಲಿ ಸೋತ ಕಾಲೇಜಿನ ಕೈಯಲ್ಲಿ ಪರಿಹಾರವಿದೆ: ಶುಲ್ಕ ಇಳಿಸಬಹುದು. ಸಂಬಳದ ಪರೀಕ್ಷೆಯಲ್ಲಿ ಸೋತ ಕಾಲೇಜು ಏನು ಮಾಡೀತು? ಶಿಶುವಿಹಾರದ ಶಿಕ್ಷಕಿಯರನ್ನು ತಯಾರುಮಾಡುವ ಸಮುದಾಯ ಕಾಲೇಜು ಎಷ್ಟೇ ಚೆನ್ನಾಗಿ ಕಲಿಸಿದರೂ ಅವರ ಸಂಬಳವನ್ನು ಏರಿಸಲಾರದು. ಸಾಲವೇ ಇಲ್ಲದ ಅವರು ಹಳೆಯ ಲೆಕ್ಕ ಹಚ್ಚಿದ್ದರೆ ಸಲೀಸಾಗಿ ಗೆಲ್ಲುತ್ತಿದ್ದರು, ಹೊಸದರಲ್ಲಿ ಸೋಲಬಹುದು. ಭಾರೀ ಸಾಲ ಹೊರಿಸಿದ ಸ್ನಾತಕೋತ್ತರ ಕೋರ್ಸು ಪದವೀಧರರಿಗಿಂತ ತುಸು ಹೆಚ್ಚು ಸಂಬಳ ತೋರಿಸಿದರೆ ಸಾಕು, ತೇರ್ಗಡೆ. ಸ್ನಾತಕೋತ್ತರ ಸಾಲಕ್ಕೆ ಅದೇ ಕಾಯ್ದೆ ಒಟ್ಟು 1,00,000 ಡಾಲರಿನ ಮಿತಿ ಹಾಕಿದೆ, ನಿಜ. ಆದರೆ ಆ ಮಿತಿಯೊಳಗಿನ ಸಾಲವೂ ಅನೇಕರ ಸಂಬಳಕ್ಕೆ ಮೀರಿದ್ದೇ. ಸಾಲ ಮಾಡದೆಯೂ ಯೌವನದ ವರ್ಷಗಳನ್ನು ತೆತ್ತವರಿಗೆ ಏನಾದರೂ ದಕ್ಕಬೇಕು ಎಂಬ ಎದುರು ವಾದಕ್ಕೆ ತೂಕವಿದೆ. ಹಾಗಾಗಿಯೇ ಎರಡೂ ಪರೀಕ್ಷೆಗಳು ಜೊತೆಯಲ್ಲಿರಬೇಕಿತ್ತು.

ಲೆಕ್ಕಕ್ಕೆ ಬಾರದವರ ಪಟ್ಟಿಯೂ ಉದ್ದವಿದೆ. ಓದನ್ನು ಅರ್ಧಕ್ಕೆ ಬಿಟ್ಟವರು 2014ರಿಂದ ಈಚಿನ ಯಾವ ಪರೀಕ್ಷೆಯಲ್ಲೂ ಇಲ್ಲ. ಸಾಲ ತೀರಿಸಲಾಗದೆ ಒದ್ದಾಡುವವರಲ್ಲಿ ಅವರೇ ಮುಂದು. 2025ರ ಕಾಯ್ದೆ ಕೆಲಸದಲ್ಲಿರುವವರ ಗಳಿಕೆಯನ್ನಷ್ಟೇ ಎಣಿಸುವುದರಿಂದ ಕೆಲಸವೇ ಸಿಗದವರು ಮಧ್ಯಾಂಕದಿಂದ ಮಾಯವಾಗುತ್ತಾರೆ. ಎಣಿಕೆ ಸರ್ಕಾರಿ ನೆರವು ಪಡೆದವರದ್ದು ಮಾತ್ರವಾದ್ದರಿಂದ, ಬ್ಯಾಂಕ್ ಸಾಲ ಮಾಡಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ ಓದಲು ಹೋಗುವವರೂ ಅದರಲ್ಲಿಲ್ಲ. ಆ ಅಂಕಿಗಳನ್ನು ನೋಡಿ ಕಾಲೇಜು ಆರಿಸುವ ಕನ್ನಡದ ಮನೆಗಳು ತಿಳಿದಿರಬೇಕಾದದ್ದು ಇದು: ವೀಸಾದ ಅನಿಶ್ಚಯದಲ್ಲಿ ಕೆಲಸ ಹುಡುಕುವ ತಮ್ಮ ಮಕ್ಕಳಂಥ ಒಬ್ಬರ ಸಂಬಳವೂ ಆ ಮಧ್ಯಾಂಕದಲ್ಲಿ ಸೇರಿಲ್ಲ.