ಗದ್ದೆಯ ಗಾಳಿಗೆ ಲೆಕ್ಕ ಇಟ್ಟವರು

ಇಂಗಾಲಕ್ಕೆ ಬೆಲೆ ಕಟ್ಟೋದು ಅಂದ ಕೂಡಲೇ ಎಲ್ಲರೂ ಕೇಳೋದು ಬೆಲೆ ಎಷ್ಟು ಅಂತ. ಟನ್ನಿಗೆ ನೂರು ರೂಪಾಯಿಯೋ ಸಾವಿರವೋ, ಯಾರು ಕೊಡಬೇಕು, ಯಾರಿಗೆ ಹೋಗುತ್ತೆ... ಇವೆಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಟನ್ನನ್ನು ತೂಗಿದವರು ಯಾರು?

ಬ್ರಿಟಿಷರ ಕಾಲದ ಸರ್ವೆ ಸೆಟಲ್‌ಮೆಂಟ್ ನೆನಪಿಸಿಕೊಳ್ಳಿ. ಕಂದಾಯ ಇಷ್ಟು ಅಂತ ಬರೆಯೋಕೆ ಮುಂಚೆ ಸರಪಳಿ ಹಿಡಿದು ಜಮೀನು ಅಳೆದರು, ಮಣ್ಣಿನ ತರ ನೋಡಿ ದರ್ಜೆ ಹಾಕಿದರು. ಹೊಗೆಗೆ ಕಂದಾಯ ಹಾಕಬೇಕಾದರೂ ಅಂಥದ್ದೊಂದು ಸರ್ವೆ ಆಗಲೇಬೇಕು. ನಮ್ಮ ದೇಶದಲ್ಲಿ ಅದು ಕಾರ್ಖಾನೆಯ ಚಿಮಣಿಯಿಂದ ಶುರುವಾಗಿರಬೇಕು ಅಂತ ನೀವಂದುಕೊಂಡರೆ ತಪ್ಪಿಲ್ಲ. ಆದರೆ ನಿಜವಾದ ಜಗಳ ಶುರುವಾಗಿದ್ದು ಭತ್ತದ ಗದ್ದೆಯಲ್ಲಿ.

1990ರ ಸುಮಾರು. ಭೂಮಿ ಬಿಸಿಯಾಗ್ತಿದೆ ಅನ್ನೋ ಮಾತು ಪ್ರಯೋಗಾಲಯದಿಂದ ರಾಜಕಾರಣಕ್ಕೆ ಬಂದಿತ್ತು. ಹವಾಮಾನ ಒಪ್ಪಂದಕ್ಕೆ ಮಾತುಕತೆ ಶುರುವಾಗುವುದರಲ್ಲಿತ್ತು. ಅಷ್ಟರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಒಂದು ಪಟ್ಟಿ ಪ್ರಕಟಿಸಿತು. ಹಸಿರುಮನೆ ಅನಿಲ ಉಗುಳುವ ದೇಶಗಳಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರೆಜಿಲ್, ಚೀನಾ, ಆಮೇಲೆ ಐದನೆಯದಾಗಿ ಭಾರತ! ಮನೆಗೊಂದು ಕಾರಿರಲಿ, ಊರಿಗೊಂದು ಕಾರು ಇಲ್ಲದ ದೇಶ ಐದನೇ ಸ್ಥಾನಕ್ಕೆ ಬಂದದ್ದು ಹೇಗೆ? ನಮ್ಮ ಗದ್ದೆ ಮತ್ತು ದನಗಳ ಮೀಥೇನು ಅದಕ್ಕೊಂದು ಮುಖ್ಯ ಕಾರಣ.

ಆಗ ಚಲಾವಣೆಯಲ್ಲಿದ್ದ ಒಂದು ಅಂಕಿ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ ತಯಾರಾದ ಅಂದಾಜಿನ ಪ್ರಕಾರ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಬೀಳುತ್ತಿತ್ತು. ಇದನ್ನು ನಮ್ಮ ಗದ್ದೆಗೆ ಇಳಿದು ಯಾರೂ ಅಳೆದಿರಲಿಲ್ಲ. ಯುರೋಪು, ಅಮೆರಿಕಗಳ ಗದ್ದೆಗಳಲ್ಲಿ ಅಳೆದ ಅಂಕಿಗಳನ್ನು ಇಟ್ಟುಕೊಂಡು ನಮ್ಮ ನಾಲ್ಕು ಕೋಟಿಗೂ ಮೀರಿದ ಹೆಕ್ಟೇರಿಗೆ ಹಿಗ್ಗಿಸಿದ್ದರು, ಅಷ್ಟೇ.

ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಈ ಪಟ್ಟಿಯ ವಿರುದ್ಧ ಒಂದು ಪುಸ್ತಿಕೆ ಬರೆದು ಇದನ್ನು ಪರಿಸರ ವಸಾಹತುಶಾಹಿ ಅಂತಲೇ ಕರೆದರು. ಹೊಟ್ಟೆಪಾಡಿಗೆ ಭತ್ತ ಬೆಳೆಯುವವನ ಮೀಥೇನನ್ನೂ ಮೋಜಿಗೆ ಓಡುವ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಹುದೆ ಅನ್ನೋದು ಅವರ ಪ್ರಶ್ನೆ. ಇಂದಿಗೂ ಹಳತಾಗದ ಪ್ರಶ್ನೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗೋದು ಅದೇ ವರ್ಷ ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸ. ವಾದ ಎಷ್ಟೇ ಸರಿಯಿದ್ದರೂ, ಸಂಧಾನದ ಮೇಜಿನ ಮೇಲೆ ಎದುರಾಳಿ ಒಂದು ಅಂಕಿ ಇಟ್ಟಾಗ ನಮ್ಮ ಕೈಯಲ್ಲೂ ಒಂದು ಅಂಕಿ ಇರಬೇಕು ತಾನೆ?

ಆ ಕೆಲಸಕ್ಕೆ ಕೈಹಾಕಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಮುಂದೆ ನಿಂತವರು ಎ.ಪಿ. ಮಿತ್ರ. ಇವರು ಮೂಲತಃ ಅಯಾನುಗೋಳದ ವಿಜ್ಞಾನಿ, ಅಂದರೆ ರೇಡಿಯೋ ತರಂಗಗಳು ಮೇಲಿನ ವಾತಾವರಣದಲ್ಲಿ ಹೇಗೆ ಓಡಾಡುತ್ತವೆ ಅಂತ ನೋಡುತ್ತಿದ್ದವರು. ಸಿಎಸ್‌ಐಆರ್‌ನ ಮಹಾನಿರ್ದೇಶಕರೂ ಆಗಿದ್ದವರು. ಆಕಾಶ ನೋಡುತ್ತಿದ್ದವರು ಕೆಸರು ಗದ್ದೆಯ ಲೆಕ್ಕಕ್ಕೆ ಇಳಿದರು!

ಅಳೆಯುವ ವಿಧಾನ ಕೇಳೋಕೆ ಸರಳ. ಗದ್ದೆಯಲ್ಲಿ ಭತ್ತದ ಬುಡಗಳ ಮೇಲೆ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಂದನ್ನು ಮುಚ್ಚಿ, ಒಳಗಿನ ಗಾಳಿಯನ್ನು ಇಷ್ಟಿಷ್ಟು ನಿಮಿಷಕ್ಕೊಮ್ಮೆ ಸಿರಿಂಜಿನಲ್ಲಿ ಎಳೆದುಕೊಳ್ಳೋದು. ಆಮೇಲೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಅದರಲ್ಲಿ ಮೀಥೇನ್ ಎಷ್ಟು ಏರಿದೆ ಅಂತ ನೋಡೋದು. ಕಷ್ಟ ಇರೋದು ಬೇರೆ ಕಡೆ. ಇದನ್ನು ನಾಟಿಯಿಂದ ಕೊಯ್ಲಿನವರೆಗೆ ಮಾಡಬೇಕು, ನೀರು ನಿಂತ ಗದ್ದೆಯಲ್ಲೂ ಮಳೆ ನಂಬಿದ ಗದ್ದೆಯಲ್ಲೂ ಮಾಡಬೇಕು, ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಸಂಸ್ಥೆಯವರು ಒಂದೇ ರೀತಿ ಮಾಡಬೇಕು. ಇಲ್ಲದಿದ್ದರೆ ಕೂಡಿಸಿದ ಮೊತ್ತಕ್ಕೆ ಅರ್ಥವಿಲ್ಲ.

1991ರ ಅಭಿಯಾನದಲ್ಲಿ ಸಿಕ್ಕ ಉತ್ತರ: ವರ್ಷಕ್ಕೆ ಸುಮಾರು 40 ಲಕ್ಷ ಟನ್. ಹೆಚ್ಚುಕಡಿಮೆ 27ರಿಂದ 54 ಲಕ್ಷದ ನಡುವೆ. ಅಂದರೆ ಹೊರಗಿನವರ ಅಂದಾಜಿನ ಹತ್ತನೇ ಒಂದು ಭಾಗದ ಹತ್ತಿರ!

ಯಾಕಿಷ್ಟು ವ್ಯತ್ಯಾಸ? ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಆಗಿಬರೋದಿಲ್ಲ. ಗದ್ದೆಯಲ್ಲಿ ನೀರು ತಿಂಗಳುಗಟ್ಟಲೆ ನಿಂತರೆ, ಮಣ್ಣಿನಲ್ಲಿ ಸಾವಯವ ಇಂಗಾಲ ಧಾರಾಳವಾಗಿದ್ದರೆ ಅವಕ್ಕೆ ಹಬ್ಬ. ನಮ್ಮಲ್ಲಿ ಬಹಳಷ್ಟು ಗದ್ದೆಗಳ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ಮಳೆಯಾಶ್ರಿತ ಗದ್ದೆ ನಡುನಡುವೆ ಒಣಗುತ್ತೆ, ಒಣಗಿದಾಗ ಗಾಳಿ ಒಳಗಿಳಿಯುತ್ತೆ, ಮೀಥೇನ್ ನಿಲ್ಲುತ್ತೆ. ನಮ್ಮ ರೈತನನ್ನು ಕೇಳಿದ್ದರೆ ಗದ್ದೆ ಯಾವಾಗ ಒಣಗುತ್ತೆ ಅಂತ ಅವನೇ ಹೇಳುತ್ತಿದ್ದ, ಆ ಮಾತು ಬೇರೆ. ಮುಂದೆ ಐಪಿಸಿಸಿಯ ಲೆಕ್ಕದ ಮಾರ್ಗಸೂಚಿಗಳಲ್ಲೂ ಗದ್ದೆಗಳನ್ನು ನೀರಿನ ವ್ಯವಸ್ಥೆಗೆ ತಕ್ಕಂತೆ ವಿಂಗಡಿಸುವ ಪದ್ಧತಿ ಬಂತು.

ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ಎರಡು ಅಂದಾಜುಗಳ ನಡುವಿನ ವ್ಯತ್ಯಾಸ ಸುಮಾರು 3.38 ಕೋಟಿ ಟನ್ ಮೀಥೇನ್. ಮುಂದೆ ದೇಶದ ಮೊದಲ ವರದಿಯಲ್ಲಿ ಮೀಥೇನಿಗೆ ಬಳಸಿದ್ದು ಕಾರ್ಬನ್ ಡೈಆಕ್ಸೈಡಿನ 21 ಪಟ್ಟು. ಗುಣಿಸಿದರೆ 71 ಕೋಟಿ ಟನ್. ಅದೇ ವರದಿಯ ಪ್ರಕಾರ 1994ರಲ್ಲಿ ಇಡೀ ಭಾರತದ ಎಲ್ಲ ಅನಿಲಗಳ ಒಟ್ಟು ಮೊತ್ತ ಸುಮಾರು 122.8 ಕೋಟಿ ಟನ್. ಅಂದರೆ ಬರೀ ಭತ್ತದ ಗದ್ದೆಯ ಅಂದಾಜಿನ ತಪ್ಪೊಂದೇ ದೇಶದ ಒಟ್ಟು ಲೆಕ್ಕದ ಅರ್ಧಕ್ಕಿಂತ ಹೆಚ್ಚು! ಅದಕ್ಕೆ ಟನ್ನಿಗಿಷ್ಟು ಅಂತ ಬೆಲೆ ಕಟ್ಟಿದ್ದರೆ?

ಅಮೆರಿಕದವರು ಬೇಕಂತಲೇ ಮಾಡಿದರು ಅಂತ ನನಗನ್ನಿಸೋದಿಲ್ಲ. ಅವರ ಬಳಿ ಬೇರೆ ಅಂಕಿಯೇ ಇರಲಿಲ್ಲ. ಅಳೆಯದೆ ಬಿಟ್ಟವರು ನಾವೂ ಹೌದಲ್ಲ. ಖಾಲಿ ಬಿಟ್ಟ ಕಾಲಮ್ಮನ್ನು ಯಾರಾದರೂ ತುಂಬಿಯೇ ತುಂಬುತ್ತಾರೆ.

ಈಗ ಮೇಲೆ ಹೇಳಿದ ಆ ಮೊದಲ ವರದಿಯ ವಿಷಯ. ಭಾರತ 1992ರಲ್ಲಿ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿ 1993ರಲ್ಲಿ ಅನುಮೋದಿಸಿತು. ದೇಶದ ಹಸಿರುಮನೆ ಅನಿಲಗಳ ಲೆಕ್ಕ ಕೊಡುವುದು ಅದರಲ್ಲಿನ ಒಂದು ಕರಾರು. ಈ ಕೆಲಸಕ್ಕೆ ಪ್ರತ್ಯೇಕ ಇಲಾಖೆ ಇರಲಿಲ್ಲ, ಹಾಗಾಗಿ ಪರಿಸರ ಮಂತ್ರಾಲಯ ಕೆಲಸವನ್ನು ಹಂಚಿತು. ಗದ್ದೆ ಭೌತ ಪ್ರಯೋಗಾಲಯಕ್ಕೆ, ಕಲ್ಲಿದ್ದಲಿನ ಗುಣ ಧನಬಾದಿನ ಇಂಧನ ಸಂಶೋಧಕರಿಗೆ, ಹೀಗೆ. ಕಾಡು ಮತ್ತು ಭೂಬಳಕೆಯ ಲೆಕ್ಕ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು, ಎನ್.ಎಚ್. ರವೀಂದ್ರನಾಥ್ ಅವರ ತಂಡಕ್ಕೆ. ಮರ ಬೆಳೆದಾಗ ಹೀರಿದ್ದೆಷ್ಟು, ಕಡಿದಾಗ ಬಿಟ್ಟಿದ್ದೆಷ್ಟು ಅಂತ ದೇಶದ ಮಟ್ಟದಲ್ಲಿ ಕೂಡಿ ಕಳೆಯುವ ಕೆಲಸ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಶಾಖ ಕಡಿಮೆ. ಹೊರಗಿನ ಕೈಪಿಡಿಯ ಅಂಕಿ ಅದಕ್ಕೆ ಸರಿಹೊಂದೋದಿಲ್ಲ. ನಮ್ಮ ನಾಟಿ ದನವೂ ಹಾಲೆಂಡಿನ ದನದಷ್ಟು ತಿನ್ನೋದಿಲ್ಲ, ಅಷ್ಟು ತೇಗೋದೂ ಇಲ್ಲ :) ಇಂಥ ಒಂದೊಂದಕ್ಕೂ ಸ್ವಂತ ಗುಣಾಂಕ ಕಂಡುಹಿಡಿಯೋದರಲ್ಲೇ ವರ್ಷಗಳು ಹೋದವು.

1994ನೇ ಇಸವಿಯ ಲೆಕ್ಕ ವಿಶ್ವಸಂಸ್ಥೆಗೆ ತಲುಪಿದ್ದು 2004ರಲ್ಲಿ. ಎರಡನೆಯದು ಇನ್ನೂ ನಿಧಾನ, 2000ದ ಲೆಕ್ಕ 2012ರಲ್ಲಿ. ವಿಜ್ಞಾನಿಗಳಿಗೆ ಕೈಲಾಗದೆ ಹೀಗಾಯಿತು ಅನ್ನೋದು ಅನ್ಯಾಯ. ಇದು ಹೊರಗಿನ ಅನುದಾನದ ಮೇಲೆ ನಡೆಯುವ ಪ್ರಾಜೆಕ್ಟ್ ಆಗಿತ್ತು. ಹಣ ಬಂದಾಗ ತಂಡ ಕಟ್ಟೋದು, ವರದಿ ಹೋದ ಮೇಲೆ ತಂಡ ಚದುರೋದು. ಶಾನುಭೋಗರನ್ನು ಹತ್ತು ವರ್ಷಕ್ಕೊಮ್ಮೆ ಗುತ್ತಿಗೆ ಮೇಲೆ ತಂದರೆ ಪಹಣಿ ಹೇಗಿರುತ್ತೆ ಊಹಿಸಿ.

ಇದಕ್ಕೆ ಸ್ವಲ್ಪ ಚುರುಕು ಮುಟ್ಟಿಸಿದವರು ಜೈರಾಮ್ ರಮೇಶ್ (ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ). ಅವರು ಪರಿಸರ ಮಂತ್ರಿಯಾಗಿದ್ದಾಗ 2009ರಲ್ಲಿ ಸಂಶೋಧನಾ ಸಂಸ್ಥೆಗಳ ಒಂದು ಜಾಲ ಕಟ್ಟಿ, 2010ರ ಮೇ ತಿಂಗಳಲ್ಲಿ 2007ರ ಲೆಕ್ಕ ಹೊರಗಿಟ್ಟರು. ಹತ್ತು ವರ್ಷದ ಅಂತರ ಮೂರಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಎರಡು ವರ್ಷಕ್ಕೊಮ್ಮೆ ವರದಿ ಕೊಡುವ ಅಂತಾರಾಷ್ಟ್ರೀಯ ಕಟ್ಟಳೆಯೂ ಬಂತು. ಆ ಸರಣಿಯ ನಾಲ್ಕನೆಯದು ಹೋದದ್ದು 2024ರ ಡಿಸೆಂಬರಿನಲ್ಲಿ, 2020ರ ಲೆಕ್ಕದೊಂದಿಗೆ: ಕಾಡಿನ ಲೆಕ್ಕ ಬಿಟ್ಟು ಸುಮಾರು 295.9 ಕೋಟಿ ಟನ್.

ಬೆಲೆಯ ಮಾತು ಶುರುವಾಗಿದ್ದೂ 2010ರಲ್ಲೇ. ಆ ಜುಲೈನಿಂದ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಬಿತ್ತು. 2014ರಲ್ಲಿ ನೂರು, 2015ರಲ್ಲಿ ಇನ್ನೂರು, 2016ರಲ್ಲಿ ನಾನೂರು. ಇದಕ್ಕೆ ಹೊಸ ಸರ್ವೆ ಬೇಕಾಗಲಿಲ್ಲ. ಗಣಿಯಿಂದ ಹೊರಟ ಕಲ್ಲಿದ್ದಲನ್ನು ಹೇಗೂ ತೂಗುತ್ತಾರೆ, ಅಬಕಾರಿ ಸುಂಕದವರು ಹೇಗೂ ಅಲ್ಲಿದ್ದಾರೆ. ಹೊಗೆ ಅಳೆಯೋದು ಬೇಡ, ಮೂಟೆ ಎಣಿಸಿದರೆ ಸಾಕು! ಹಣ ಶುದ್ಧ ಇಂಧನದ ನಿಧಿಗೆ ಅಂತ ಶುರುವಾಗಿ, 2017ರಲ್ಲಿ ಜಿಎಸ್‌ಟಿ ಪರಿಹಾರದ ಸೆಸ್‌ನಲ್ಲಿ ಕರಗಿತು. 2025ರ ಸೆಪ್ಟೆಂಬರಿನಲ್ಲಿ ಆ ನಾನೂರನ್ನೂ ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು 5ರಿಂದ 18 ಶೇಕಡಕ್ಕೆ ಏರಿಸಿದರು. ಎಣಿಸೋಕೆ ಸುಲಭವಾದ ತೆರಿಗೆಯನ್ನು ಬೇರೆಡೆಗೆ ತಿರುಗಿಸೋದೂ ಅಷ್ಟೇ ಸುಲಭ ಅಂತ ಕಾಣುತ್ತೆ.

ಕಷ್ಟದ ದಾರಿ ಹಿಡಿದದ್ದು ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, 2002ರಲ್ಲಿ ಹುಟ್ಟಿದ ಸಣ್ಣ ಸಂಸ್ಥೆ. ಮೊದಲು ಮಾಡಿದ್ದು ಪರೀಕ್ಷೆ ನಡೆಸೋದು! ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಅಂತ ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ಪರೀಕ್ಷೆ. ಹಾಗೆ ಎಣಿಸುವವರ ಒಂದು ತಲೆಮಾರು ತಯಾರಾದ ಮೇಲೆಯೇ 2012ರಲ್ಲಿ ಪ್ಯಾಟ್ ಯೋಜನೆ ಬಂದದ್ದು. ಎಂಟು ವಲಯಗಳ 478 ಘಟಕಗಳಿಗೆ ಇಷ್ಟು ಇಂಧನ ಉಳಿಸಿ ಅಂತ ಗುರಿ. ಹೆಚ್ಚು ಉಳಿಸಿದವರಿಗೆ ಮಾರಬಹುದಾದ ಪ್ರಮಾಣಪತ್ರ. ಗುರಿಯನ್ನು ಮೀರಿ ಉಳಿತಾಯವಾಯಿತು, ಆದರೆ ಆ ಪತ್ರಗಳ ಮಾರಾಟ ಶುರುವಾಗಿದ್ದು 2017ರಲ್ಲಿ. ಗುರಿ ಸಡಿಲವಾಗಿತ್ತು ಅನ್ನೋ ಟೀಕೆ ಇದೆ, ನನಗೂ ಅದು ಸರಿ ಅನ್ನಿಸುತ್ತೆ. ಆದರೆ ಕಾರ್ಖಾನೆಗಳು ಒಂದೇ ನಮೂನೆಯ ಫಾರಮ್ಮಿನಲ್ಲಿ ಪ್ರತಿ ವರ್ಷ ಲೆಕ್ಕ ಒಪ್ಪಿಸುವ ಅಭ್ಯಾಸ ಬಿತ್ತಲ್ಲ, ಅದು ದೊಡ್ಡ ಲಾಭ.

ಲೆಕ್ಕ ಇಲ್ಲದೆ ಮಾರುಕಟ್ಟೆ ತೆರೆದರೆ ಏನಾಗುತ್ತೆ ಅಂತ ಯುರೋಪು ಅದಾಗಲೇ ತೋರಿಸಿತ್ತು. ಅವರು 2005ರಲ್ಲಿ ಇಂಗಾಲದ ಮಾರುಕಟ್ಟೆ ಶುರು ಮಾಡಿದಾಗ ಕಾರ್ಖಾನೆಗಳ ಪರಿಶೀಲಿಸಿದ ಅಂಕಿಗಳು ಇರಲಿಲ್ಲ, ಅಂದಾಜಿನ ಮೇಲೆ ಪರವಾನಗಿ ಹಂಚಿದ್ದರು. 2006ರ ವಸಂತದಲ್ಲಿ ಮೊದಲ ನಿಜವಾದ ಲೆಕ್ಕ ಹೊರಬಂತು. ಹೊಗೆಗಿಂತ ಪರವಾನಗಿಯೇ ಹೆಚ್ಚು! ಸುಮಾರು 30 ಯೂರೋ ಇದ್ದ ಬೆಲೆ ಕೆಲವೇ ದಿನಗಳಲ್ಲಿ ಅರ್ಧಕ್ಕೆ ಬಿತ್ತು, 2007ರ ಹೊತ್ತಿಗೆ ಸೊನ್ನೆಯ ಹತ್ತಿರ.

ನಮ್ಮದೇ ಗುಜರಾತಿನಿಂದಲೂ ಒಂದು ಪಾಠ ಇದೆ. ಅಲ್ಲಿ ಮಾಲಿನ್ಯದ ಆಡಿಟರನ್ನು ಕಾರ್ಖಾನೆಯೇ ಆರಿಸಿ, ಕಾರ್ಖಾನೆಯೇ ಸಂಬಳ ಕೊಡುತ್ತಿತ್ತು. ಎಸ್ತರ್ ಡಫ್ಲೋ ಮತ್ತು ಸಂಗಡಿಗರು ರಾಜ್ಯದ ಮಾಲಿನ್ಯ ಮಂಡಳಿಯ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಕೆಲವು ಕಾರ್ಖಾನೆಗಳಿಗೆ ಆಡಿಟರನ್ನು ಚೀಟಿ ಎತ್ತಿದ ಹಾಗೆ ನೇಮಿಸಿ, ಸಂಬಳವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಮತ್ತೊಬ್ಬರಿಂದ ಮರುಪರೀಕ್ಷೆ ಮಾಡಿಸಿದರು. ಹಳೇ ಪದ್ಧತಿಯಲ್ಲಿ ವರದಿಗಳೆಲ್ಲ ಮಿತಿಗಿಂತ ಸ್ವಲ್ಪವೇ ಕೆಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಹೊಸ ಪದ್ಧತಿಯಲ್ಲಿ ಆಡಿಟರುಗಳು ನಿಜ ಬರೆಯತೊಡಗಿದರು, ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಇದು ಪ್ರಕಟವಾಗಿದ್ದು 2013ರಲ್ಲಿ.

ಈ ಪಾಠ ಈಗ ಯಾಕೆ ಬೇಕು ಅಂದರೆ, 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ತಿದ್ದುಪಡಿಯಾಗಿ, 2023ರ ಜೂನಿನಲ್ಲಿ ಭಾರತದ್ದೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟವಾಯಿತು. ಅದೇ ಬ್ಯೂರೋ ಅದರ ಆಡಳಿತಗಾರ. 2025ರ ಅಕ್ಟೋಬರಿನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ, ಕಾಗದ ವಲಯಗಳ 282 ಘಟಕಗಳಿಗೆ ಗುರಿ ಗೊತ್ತಾಯಿತು, 2023-24ನ್ನು ಆಧಾರ ವರ್ಷ ಮಾಡಿಕೊಂಡು. ಇಲ್ಲೂ ಪರಿಶೀಲಿಸುವ ಏಜೆನ್ಸಿಯನ್ನು ಗೊತ್ತುಮಾಡಿಕೊಳ್ಳೋದು ಕಾರ್ಖಾನೆಯೇ. ಮರುಪರೀಕ್ಷೆಗೆ ಅವಕಾಶ ಇಟ್ಟಿದ್ದಾರೆ, ಅದು ಎಷ್ಟು ಬಾರಿ ನಡೆಯುತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಇತ್ತ ಯುರೋಪಿನ ಗಡಿ ತೆರಿಗೆ. 2023ರ ಅಕ್ಟೋಬರಿನಿಂದ ಬರೀ ವರದಿ ಕೇಳುತ್ತಿದ್ದರು, 2026ರ ಜನವರಿಯಿಂದ ಲೆಕ್ಕಕ್ಕೆ ದುಡ್ಡೂ ಸೇರಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಇವೆಲ್ಲ ಅದರೊಳಗೆ, ಕಬ್ಬಿಣದ ಬೋಲ್ಟು ನಟ್ಟು ಕೂಡ. ಮೂಲದೇಶದಲ್ಲಿ ಇಂಗಾಲಕ್ಕೆ ಬೆಲೆ ಕೊಟ್ಟಿದ್ದರೆ, ಅದಕ್ಕೆ ಪುರಾವೆ ಇದ್ದರೆ, ಅಷ್ಟು ವಜಾ ಮಾಡುತ್ತಾರೆ. ದೊಡ್ಡ ಉಕ್ಕಿನ ಕಾರ್ಖಾನೆಗೆ ಇದಕ್ಕೆಲ್ಲ ಬೇರೆ ವಿಭಾಗವೇ ಇರುತ್ತೆ. ಪೀಣ್ಯದಂಥ ಕಡೆ ಬೋಲ್ಟು ಮಾಡುವ ನಾಲ್ಕು ಲೇತಿನ ಶೆಡ್ಡಿನವರು ತಮ್ಮ ಸರಳು ಯಾವ ಕುಲುಮೆಯಿಂದ ಬಂತು, ಟನ್ನಿಗೆ ಎಷ್ಟು ಹೊಗೆ ಆಯಿತು ಅಂತ ಬರೆದುಕೊಡಬೇಕು. ಕೊಡಲಾಗದಿದ್ದರೆ ಆ ಕಾಲಮ್ಮನ್ನು ಬ್ರಸೆಲ್ಸ್‌ನವರು ತಮ್ಮದೇ ಡೀಫಾಲ್ಟ್ ಅಂಕಿಯಿಂದ ತುಂಬುತ್ತಾರೆ, ಮೇಲೊಂದಿಷ್ಟು ಸೇರಿಸಿ.