ಪರಸೆಗೆ ಹೋಗಿ ಬೇಜಾರಾಗಿ ಬಂದವರು

ದೀಪಾವಳಿ ರಜೆ ಮುಗಿಸಿ ಆಫೀಸಿಗೆ ಹೋದರೆ ನಮ್ಮ ಟೀಮಿನ ಇಬ್ಬರು ಮುಖ ಗಂಟು ಹಾಕ್ಕೊಂಡು ಕೂತಿದ್ರು. 'ಮಾದಪ್ಪನ ಬೆಟ್ಟದ ಜಾತ್ರೆ ನೋಡ್ಕೊಂಡು ಬನ್ರೋ' ಅಂತ ಕಳಿಸಿದ್ದು ನಾನೇ. ತಾಳಬೆಟ್ಟದಿಂದ ಮೇಲಕ್ಕೆ ಇರುವೆ ಸಾಲಿನ ಹಾಗೆ ಗಾಡಿಗಳು, ರೂಮು ಸಿಗಲಿಲ್ಲ, ಬೆಳಗ್ಗೆ ಬಾತ್‌ರೂಮಿಗೆ ಕ್ಯೂ, ದರ್ಶನಕ್ಕೆ ಗಂಟೆಗಟ್ಟಲೆ ನಿಂತು ಒಳಗೆ ಸಿಕ್ಕಿದ್ದು ಎರಡು ಸೆಕೆಂಡು. 'ಅಲ್ಲಿ ನೋಡೋಕೆ ಏನಿದೆ ಗುರು? ಬರೀ ಜನ' ಅಂದ ಒಬ್ಬ.

ಸಿಟ್ಟು ಬಂತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹನೂರು ಕಡೆಯ ಹಳ್ಳಿಯಲ್ಲಿ ಬೆಳೆದವನಾಗಿ ನನಗೆ ಕಾಡಿದ ಪ್ರಶ್ನೆ ಬೇರೆ. ಇದೇ ನೂಕುನುಗ್ಗಲಲ್ಲಿ ನಮ್ಮಜ್ಜಿ ವರ್ಷವರ್ಷ ಹೋಗಿ ಖುಷಿಯಾಗಿ ಬರ್ತಿದ್ದಳಲ್ಲ, ಅವಳಿಗೆ ಯಾಕೆ ಬೇಜಾರಾಗಲಿಲ್ಲ?

ಉತ್ತರ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕಡೆ ಇದನ್ನ ಜಾತ್ರೆ ಅನ್ನೋದಕ್ಕಿಂತ ಪರಸೆ ಅನ್ನೋದೇ ಹೆಚ್ಚು. ಎಪ್ಪತ್ತೇಳು ಮಲೆಯ ಒಡೆಯ ಅಂತ ಕರೆಸಿಕೊಳ್ಳೋ ಮಾದಪ್ಪನ ಕತೆಯನ್ನ ಕಂಸಾಳೆಯವರು ರಾತ್ರಿಯಿಡೀ ಹಾಡ್ತಾರೆ. ಆ ಕತೆಯಲ್ಲಿ ಬರೋರು ಯಾರು ನೋಡಿ. ಜೇನು ಕೀಳೋ ಸೋಲಿಗರ ನೀಲೇಗೌಡ, ಅವನ ಹೆಂಡತಿ ಸಂಕಮ್ಮ. ಶ್ರವಣನನ್ನ ಕೊಲ್ಲೋಕೆ ಪಾದರಕ್ಷೆ ಮಾಡಿಕೊಟ್ಟ ಹರಳಯ್ಯ. ಗುಡಿ ಕಟ್ಟಿಸಿದ ಆಲಂಬಾಡಿಯ ಕುರುಬರ ಜುಂಜೇಗೌಡ. ಇವತ್ತಿಗೂ ಪೂಜೆ ಬೇಡಗಂಪಣರದ್ದು. ದೀಪಾವಳಿಗೆ ಹಾಲರವಿ ಹಳ್ಳದಿಂದ ಕಾಡುದಾರಿಯಲ್ಲಿ ಕಳಶ ಹೊತ್ತು ತರೋರು ಅದೇ ಬೇಡಗಂಪಣರ 101 ಹೆಣ್ಣುಮಕ್ಕಳು. ಇದರಲ್ಲಿ ಪ್ರೇಕ್ಷಕ ಅನ್ನೋ ಪಾತ್ರವೇ ಇಲ್ಲ. ಬಂದವರಿಗೆಲ್ಲ ಒಂದೊಂದು ಕೆಲಸ ಇದೆ: ನಡೆಯೋದು, ಮುಡಿ ಕೊಡೋದು, ಅಂತರಗಂಗೆಯಲ್ಲಿ ಮೀಯೋದು, ಉರುಳುಸೇವೆ, ಹುಲಿವಾಹನ ಎಳೆಯೋದು, ಮೂರು ಕಲ್ಲಿಟ್ಟು ಅಡುಗೆ ಮಾಡಿ ನಾಕು ಜನಕ್ಕೆ ಬಡಿಸೋದು. ಮಾದಪ್ಪನ ಹೆಸರಲ್ಲಿ ಊಟ ಹಾಕೋದಕ್ಕೆ 'ಪರ' ಅಂತಲೇ ಹೆಸರು.

ಹಾಗಂತ ಆ ಕಾಲ ಸುಖದ್ದಾಗಿತ್ತು ಅಂತ ನಾನು ಹೇಳ್ತಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಮೈಸೂರಿಗೆ ಸೇರಲಿಲ್ಲ. ಕಂಪನಿಯವರು ಅದನ್ನ ಕೊಯಮತ್ತೂರು ಜಿಲ್ಲೆಗೆ ಸೇರಿಸಿಕೊಂಡರು. 1956ರ ನವೆಂಬರ್ 1ರವರೆಗೂ ನಾವು ಮದ್ರಾಸಿನವರೇ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಬೆಟ್ಟ ಬೇರೆ ಭಾಷೆಯ ಜಿಲ್ಲಾಕೇಂದ್ರದ ಕಣ್ಣಿಗೆ ದೂರದ ಒಂದು ಅಂಚು. ಆಮೇಲೆ ಮೈಸೂರು ಜಿಲ್ಲೆಯ ಅಂಚು, 1997ರಿಂದ ಚಾಮರಾಜನಗರದ ಅಂಚು. ಅಂಚಿನಲ್ಲಿ ಇರೋರಿಗೆ ರಸ್ತೆ, ನೀರು ಎಲ್ಲ ಕೊನೆಗೇ ಬರೋದು. ಅಜ್ಜಿ ಚಿಕ್ಕವಳಿದ್ದಾಗ ತಾಳಬೆಟ್ಟದಿಂದ ರಾಗಿಹಿಟ್ಟಿನ ಗಂಟು ಹೊತ್ತು ನಡೆದದ್ದು ಭಕ್ತಿಗೂ ಹೌದು, ಬೇರೆ ದಾರಿ ಇಲ್ಲದ್ದಕ್ಕೂ ಹೌದು.

ರಸ್ತೆ, ಬಸ್ಸು ಬಂತು ಅನ್ನೋ ಹೊತ್ತಿಗೆ ವೀರಪ್ಪನ್ ಕಾಲ ಬಂತು. 1993ರ ಏಪ್ರಿಲ್ 9ರಂದು ಬೆಟ್ಟದಾಚೆ ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಜನ ಸತ್ತರು. ನಾನಾಗ ಪುಟ್ಟ ಹುಡುಗ. ಕಾಡಿನವನಿಗೂ ಹೆದರಬೇಕು, ಅವನನ್ನ ಹುಡುಕೋ ಪೊಲೀಸರಿಗೂ ಹೆದರಬೇಕು. 'ನಡ್ಕೊಂಡು ಹೋಗೋದು ಬ್ಯಾಡ' ಅಂತ ಅಪ್ಪ ಅಜ್ಜಿಗೆ ಕಟ್ಟುನಿಟ್ಟಾಗಿ ಹೇಳಿದ್ದು ಆವಾಗಲೇ. ಬಸ್ಸಲ್ಲಿ ಹೋಗಿ ಬಂದಳು. ಅವಳು ಪರಸೆಯಿಂದ ಸಪ್ಪಗೆ ಬಂದದ್ದನ್ನ ನಾನು ಮೊದಲು ನೋಡಿದ್ದು ಆಗ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕತೆ ಮುಗೀತು. ಅಷ್ಟರಲ್ಲಿ ಅಜ್ಜಿಯ ಮಂಡಿಯೂ ಸೋತಿತ್ತು.

ಆಮೇಲಿನ ಬೆಟ್ಟ ನಿಮಗೂ ಗೊತ್ತು. 2013ರಲ್ಲಿ ಸುತ್ತಲ ಕಾಡು ವನ್ಯಧಾಮವಾಯ್ತು. 2023ರ ಮಾರ್ಚಿನಲ್ಲಿ ದೀಪದಗಿರಿ ಒಡ್ಡಿನ ಮೇಲೆ ಹುಲಿ ಏರಿದ 108 ಅಡಿ ಮಾದಪ್ಪ ಎದ್ದು ನಿಂತ. ಹುಂಡಿ ಎಣಿಸಿದರೆ ಕೋಟಿ ದಾಟುತ್ತೆ. ಪರಸೆಯವರ ಜೊತೆ ಪ್ರವಾಸಿಗರೂ ಬಂದರು. ಪ್ರವಾಸಿಗ ಕಾಸು ಕೊಟ್ಟು ಬರೋನು, ಕೊಟ್ಟ ಕಾಸಿಗೆ ಏನು ಸಿಕ್ತು ಅಂತ ಲೆಕ್ಕ ಹಾಕೋನು. ಅವನ ಲೆಕ್ಕ ತಪ್ಪಲ್ಲ. ಬಾತ್‌ರೂಮು, ಕುಡಿಯೋ ನೀರು ಪ್ರವಾಸಿಗನಿಗೆ ಮಾತ್ರವಲ್ಲ, ನಡೆದು ಬರೋ ಹೆಂಗಸರಿಗೆ ಅದಕ್ಕಿಂತ ಹೆಚ್ಚು ಬೇಕು. ಅವರು ಕೇಳಲ್ಲ ಅಷ್ಟೇ. ಕೇಳದೇ ಇರೋದನ್ನ ಭಕ್ತಿ ಅಂತ ನಾವು ಹೊಗಳಿಬಿಡ್ತೀವಿ.

ಇನ್ನೊಂದು ಥರದ ಬೇಜಾರೂ ಇದೆ. ನಮ್ಮ ಕಡೆಯದ್ದೇ ಚಿಕ್ಕಲ್ಲೂರು ಜಾತ್ರೆ, ಸಿದ್ದಪ್ಪಾಜಿಯದ್ದು. ಚಂದ್ರಮಂಡಲದಿಂದ ಶುರುವಾಗಿ ಐದು ದಿನ ನಡೆಯುತ್ತೆ. ನಾಲ್ಕನೇ ದಿನ ಪಂಕ್ತಿಸೇವೆ. ಬಿಡಾರದಲ್ಲೇ ಮಾಂಸದಡುಗೆ ಮಾಡಿ ಜಾತಿ ನೋಡದೆ ಸಾಲಾಗಿ ಕೂತು ಉಣ್ಣೋದು. 1959ರ ಪ್ರಾಣಿಬಲಿ ತಡೆ ಕಾಯಿದೆಯ ಹೆಸರಲ್ಲಿ ಈಚೆಗೆ ಚೆಕ್‌ಪೋಸ್ಟ್ ಹಾಕಿ ಆಡು, ಕೋಳಿ ತಡೀತಾರೆ. 'ಇದು ದೇವರಿಗೆ ಕೊಡೋ ಬಲಿಯಲ್ಲ, ನಾವು ಉಣ್ಣೋ ಊಟ' ಅಂತ ಒಕ್ಕಲಿನವರ ವಾದ. ಬಲಿ ನಿಲ್ಲಲೇಬೇಕು ಅನ್ನೋರ ವಾದವೂ ಇದೆ. ಅದನ್ನ ನಾನಿಲ್ಲಿ ತೀರ್ಮಾನ ಮಾಡಲ್ಲ. ಆದರೆ ಚೆಕ್‌ಪೋಸ್ಟಿನಿಂದ ವಾಪಸ್ ಹೊರಟವನ ಬೇಜಾರಿಗೂ ರೂಮು ಸಿಗದವನ ಬೇಜಾರಿಗೂ ವ್ಯತ್ಯಾಸ ಇದೆ. ಒಬ್ಬನಿಗೆ ಸೌಕರ್ಯ ಸಿಗಲಿಲ್ಲ. ಇನ್ನೊಬ್ಬನಿಗೆ ಅವನ ಪಾತ್ರವೇ ಸಿಗಲಿಲ್ಲ.

ಇದು ನನಗೆ ಅರ್ಥವಾಗಿದ್ದು ತಡವಾಗಿ. ಮೊದಲ ಕಾರು ತಗೊಂಡಾಗ ಅಜ್ಜಿಯನ್ನ ಕೂರಿಸ್ಕೊಂಡು ಬೆಟ್ಟಕ್ಕೆ ಹೋದೆ. ಅಡುಗೆಗೆ ಅಂತ ಅವಳು ಕಟ್ಟಿದ್ದ ಅಕ್ಕಿಬೇಳೆ ಗಂಟನ್ನ 'ಅಲ್ಲೇ ದಾಸೋಹ ಅದೆ, ಬುಡಜ್ಜಿ' ಅಂತ ಮನೇಲೇ ಇಡಿಸಿದ್ದೆ. ವಿಶೇಷ ದರ್ಶನದ ಟಿಕೆಟ್ ತಗೊಂಡೆ, ಬೇಗ ದರ್ಶನ ಆಯ್ತು, ಲಾಡು ತಗೊಂಡು ಮಧ್ಯಾಹ್ನಕ್ಕೆಲ್ಲ ಕೆಳಗಿಳಿದ್ವಿ. ಎಷ್ಟು ಚೆನ್ನಾಗಿ ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಳ್ತಿದ್ದೆ. ಅಜ್ಜಿ ಮಾತಾಡಲಿಲ್ಲ. ತಾಳಬೆಟ್ಟ ದಾಟಿದ ಮೇಲೆ ಮೆಲ್ಲಗೆ ಅಂದಳು, 'ಹೋಗಿದ್ದೇ ಗೊತ್ತಾಗ್ನಿಲ್ಲ ಕಣ್ ಮಗಾ. ಒಬ್ರಿಗಾದ್ರೂ ಒಂದು ತುತ್ತು ಇಕ್ನಿಲ್ಲ.'

ಮಾದಪ್ಪನ ಕತೆಯಲ್ಲಿ ಬೇವಿನಹಟ್ಟಿ ಕಾಳಮ್ಮ ಬರ್ತಾಳೆ. ಮನೆ ತುಂಬ ಸಿರಿ. ಜಂಗಮನ ವೇಷದಲ್ಲಿ ಭಿಕ್ಷೆಗೆ ಬಂದ ಮಾದಪ್ಪನನ್ನ ಬರಿಗೈಲಿ ಕಳಿಸ್ತಾಳೆ. ಬಾಗಿಲಿಗೆ ಬಂದು ಬೇಜಾರಾಗಿ ಹೋದವನು ಅಲ್ಲಿ ದೇವರೇ. ಬಂದವರನ್ನ ಹಾಗೆ ಕಳಿಸಬಾರದು ಅಂತ ರಾತ್ರಿಯೆಲ್ಲ ಹಾಡಿ ಹೇಳೋ ಜನ ನಾವು. ಬಂದವರಿಗೆ ನೆಟ್ಟಗೆ ಒಂದು ಬಾತ್‌ರೂಮು ಇರಬೇಕು ಅಂತ ಹೇಳೋಕೆ ನಾಚಿಕೆ ಯಾಕೆ?

ಅಜ್ಜಿ ಈಗಿಲ್ಲ. ಟೀಮಿನ ಇಬ್ಬರಿಗೆ ಹೇಳಿದೀನಿ, ಮುಂದಿನ ಸಲ ನಾನೂ ಬರ್ತೀನಿ, ತಾಳಬೆಟ್ಟದಿಂದ ನಡೆಯೋಣ, ಅಕ್ಕಿಬೇಳೆ ಗಂಟು ಹೊರೋದು ನೀವು, ಬಡಿಸೋದೂ ನೀವೇ ಅಂತ. ಒಬ್ಬ ಒಪ್ಪಿದಾನೆ. ಇನ್ನೊಬ್ಬ ಬಾತ್‌ರೂಮ್ ಬಗ್ಗೆ ಕೇಳ್ತಿದಾನೆ. ಅವನಿಗೆ ಹೇಳೋಕೆ ನನ್ನ ಹತ್ರ ಇನ್ನೂ ಉತ್ತರ ಇಲ್ಲ.