ತಲೆ ಅಲ್ಲಾಡಿದ್ರೂ ಅಕ್ಷರ ಯಾಕೆ ಅಲ್ಲಾಡಲ್ಲ?

ಕಥೆ ಶುರು ಮಾಡೋ ಮುಂಚೆ ಒಂದು ಸಣ್ಣ ಪ್ರಯೋಗ. ಗಾಡಿ ಓಡಿಸ್ತಾ ಕೇಳ್ತಿರೋರು, ಕತ್ತು ನೋವಿರೋರು ದಯವಿಟ್ಟು ಬೇಡ. ಉಳಿದವರು ಫೋನಿನಲ್ಲಿ ಯಾವುದಾದರೂ ಮೆಸೇಜ್ ತೆಗೆದು ಕಣ್ಣ ಮುಂದೆ ಹಿಡ್ಕೊಳ್ಳಿ. ತಲೆ ಆಡಿಸದೆ ಫೋನನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಅಲ್ಲಾಡಿಸಿ. ಓದೋಕೆ ಆಗ್ತಿಲ್ಲ ಅಲ್ವಾ? ಈಗ ಫೋನ್ ಹಾಗೇ ಇರಲಿ. ಅದೇ ಸ್ಪೀಡಿನಲ್ಲಿ ‘ಇಲ್ಲ, ಇಲ್ಲ’ ಅನ್ನೋ ಹಾಗೆ ತಲೆ ಆಡಿಸಿ. ಈಗ ಓದಬಹುದು.

ಇದು ಹೇಗೆ? ನಮ್ಮ ಒಳಕಿವಿಯಲ್ಲಿ, ಎರಡೂ ಕಡೆ, ಅರ್ಧ ಬಳೆಯ ಆಕಾರದ ಮೂರು ಮೂರು ನಾಳಗಳಿವೆ. ಅದರ ತುಂಬ ದ್ರವ. ತಲೆ ತಿರುಗಿದರೆ ನಾಳವೂ ತಿರುಗುತ್ತೆ, ಆದರೆ ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ. ಆ ವ್ಯತ್ಯಾಸವೇ ಸಂದೇಶವಾಗಿ ಕಣ್ಣಿನ ಸ್ನಾಯುಗಳಿಗೆ ಹೋಗುತ್ತೆ. ತಲೆ ಬಲಕ್ಕೆ ಹತ್ತು ಡಿಗ್ರಿ ಹೋದರೆ ಕಣ್ಣು ಎಡಕ್ಕೆ ಹೆಚ್ಚುಕಮ್ಮಿ ಹತ್ತೇ ಡಿಗ್ರಿ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ. ಕಣ್ಣಿಂದ ನೋಡಿ ಸರಿಪಡಿಸೋಕೆ ಹೋದರೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಈ ರಿಫ್ಲೆಕ್ಸ್‌ಗೆ ನೂರನೇ ಒಂದು ಭಾಗ ಸಾಕು. ಇದರ ಹೆಸರು ವೆಸ್ಟಿಬ್ಯುಲೋ-ಆಕ್ಯುಲರ್ ರಿಫ್ಲೆಕ್ಸ್.

ಚೆನ್ನಾಗಿ ಕೆಲಸ ಮಾಡ್ತಿರೋವಾಗ ಇದು ಇದೆ ಅಂತಾನೇ ನಮಗೆ ಗೊತ್ತಾಗಲ್ಲ. ಹಾಗಾಗಿ ಇದರ ಇತಿಹಾಸ ಅಂದ್ರೆ ಬಹುಪಾಲು ಇದು ಕೈಕೊಟ್ಟವರ ಇತಿಹಾಸ. ‘ತಲೆ ಸುತ್ತುತ್ತೆ ಡಾಕ್ಟ್ರೇ’ ಅಂತ ಬಂದವರ ಮಾತನ್ನು ಯಾರು ಕಿವಿಗೊಟ್ಟು ಕೇಳಿದ್ರು ಅನ್ನೋದೇ ಇವತ್ತಿನ ಕಥೆ.

ಮೊದಲು ಪ್ಯಾರಿಸ್‌ಗೆ ಹೋಗೋಣ. 1820ರ ದಶಕದಲ್ಲಿ ಪಿಯೇರ್ ಫ್ಲೂರೆನ್ಸ್ ಅನ್ನೋ ವಿಜ್ಞಾನಿ ಪಾರಿವಾಳಗಳ ಒಳಕಿವಿಯ ನಾಳಗಳನ್ನು ಕತ್ತರಿಸಿ ನೋಡಿದ. ಕಿವುಡಾಗುವ ಬದಲು ಅವುಗಳ ತಲೆ ವಿಚಿತ್ರವಾಗಿ ತಿರುಗೋಕೆ ಶುರುವಾಯ್ತು. ಯಾವ ನಾಳ ಕತ್ತರಿಸಿದರೆ ಆ ನಾಳದ ದಿಕ್ಕಿಗೇ ತಿರುಗೋದು. ಕಿವಿ ಇರೋದು ಕೇಳೋಕೆ ಮಾತ್ರ ಅಂದುಕೊಂಡಿದ್ದ ಕಾಲ ಅದು.

ಆದರೂ ಆಸ್ಪತ್ರೆಗಳಲ್ಲಿ ಏನೂ ಬದಲಾಗಲಿಲ್ಲ. ಜೋರಾಗಿ ತಲೆ ಸುತ್ತಿ ಬಿದ್ದವರಿಗೆ ‘ಮೆದುಳಿಗೆ ರಕ್ತ ನುಗ್ಗಿದೆ’ ಅಂತ ಹೇಳಿ, ಮೈಯಿಂದ ರಕ್ತ ತೆಗೀತಿದ್ರು, ಭೇದಿ ಔಷಧ ಕೊಡ್ತಿದ್ರು. ಮೊದಲೇ ನಿಲ್ಲೋಕಾಗದವರಿಗೆ ಇಂಥ ಚಿಕಿತ್ಸೆ! ಪ್ಯಾರಿಸ್‌ನ ಕಿವುಡರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಪ್ರೋಸ್ಪೆರ್ ಮೆನಿಯೇ ಒಂದು ವಿಷಯ ಗಮನಿಸಿದ. ತಲೆಸುತ್ತಿನವರು ಅದರ ಜೊತೆಗೇ ಕಿವಿಯೊಳಗೆ ಶಬ್ದ ಬರುತ್ತೆ, ಸರಿಯಾಗಿ ಕೇಳಿಸಲ್ಲ ಅಂತಾನೂ ಹೇಳ್ತಿದ್ರು. ಹಾಗಾದರೆ ತೊಂದರೆ ಇರೋದು ಮೆದುಳಲ್ಲಿ ಅಲ್ಲ, ಒಳಕಿವಿಯಲ್ಲಿ ಅಂತ 1861ರ ಜನವರಿಯಲ್ಲಿ ವೈದ್ಯರ ಅಕಾಡೆಮಿ ಮುಂದೆ ವಾದ ಮಂಡಿಸಿದ. ಅಲ್ಲಿ ಅದಕ್ಕೆ ದೊಡ್ಡ ಸ್ವಾಗತವೇನೂ ಸಿಗಲಿಲ್ಲ. ಮಾರನೇ ವರ್ಷ ಅವನು ತೀರಿಕೊಂಡ. ಇವತ್ತು ಆ ಕಾಯಿಲೆಗೆ ಅವನದೇ ಹೆಸರು.

ಅಲ್ಲಿಂದ ಸುಮಾರು 40 ವರ್ಷ ಮುಂದೆ, ವಿಯೆನ್ನಾ. ರಾಬರ್ಟ್ ಬಾರಾನಿ ಅನ್ನೋ ಯುವ ವೈದ್ಯ. ಚಿಕ್ಕಂದಿನಲ್ಲಿ ಮೂಳೆಗೆ ಕ್ಷಯ ತಗುಲಿ ಒಂದು ಮಂಡಿ ಬಿಗಿದುಕೊಂಡಿತ್ತು. ಅವನ ದಿನದ ಕೆಲಸಗಳಲ್ಲಿ ಒಂದು, ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯೋದು. ಹಲವರು ತಲೆ ಸುತ್ತುತ್ತೆ ಅಂತಿದ್ರು. ಬಾರಾನಿ ಅವರ ಕಣ್ಣು ನೋಡಿದ. ಕಣ್ಣುಗುಡ್ಡೆ ಒಂದೇ ದಿಕ್ಕಿಗೆ ಪಟಪಟ ಹಾರ್ತಾ ಇತ್ತು.

ಒಂದು ದಿನ ಒಬ್ಬ ರೋಗಿ ಹೇಳಿದ: ನೀರು ತಣ್ಣಗಿದ್ದರೆ ಮಾತ್ರ ಹೀಗಾಗೋದು, ಮನೇಲಿ ನಾನೇ ಬೆಚ್ಚಗಿನ ನೀರು ಹಾಕ್ಕೊಂಡ್ರೆ ಏನೂ ಆಗಲ್ಲ ಅಂತ. ಬಾರಾನಿ ಮುಂದಿನ ಸಲ ಬಿಸಿ ನೀರು ತರಿಸಿದ. ಅದು ತೀರಾ ಬಿಸಿಯಾಯ್ತು, ಮತ್ತೆ ತಲೆ ಸುತ್ತಿತು. ಆದರೆ ಈ ಸಲ ಕಣ್ಣು ಹಾರಿದ್ದು ವಿರುದ್ಧ ದಿಕ್ಕಿಗೆ!

ಬಾರಾನಿ ಲೆಕ್ಕ ಹಾಕಿದ. ಬಚ್ಚಲ ಹಂಡೆ ನೆನಪಿಸ್ಕೊಳ್ಳಿ, ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ. ಒಳಕಿವಿಯ ದ್ರವವೂ ಬಿಸಿಯಾದರೆ ಏರುತ್ತೆ, ತಣ್ಣಗಾದರೆ ಇಳಿಯುತ್ತೆ. ತಲೆ ತಿರುಗದೇ ಇದ್ದರೂ ತಿರುಗಿದೆ ಅಂತ ಸುಳ್ಳು ಸಂದೇಶ ಹೋಗುತ್ತೆ, ಕಣ್ಣು ಅದನ್ನು ನಂಬುತ್ತೆ. ಈ ವಿವರಣೆ ಪೂರ್ತಿ ಅಲ್ಲ ಅಂತ 1983ರಲ್ಲಿ ಗೊತ್ತಾಯ್ತು. ಬಿಸಿಯದು ಮೇಲೇರದ ಬಾಹ್ಯಾಕಾಶದಲ್ಲಿ, ಸ್ಪೇಸ್‌ಲ್ಯಾಬ್‌ನಲ್ಲಿ, ಪ್ರಯೋಗ ಮಾಡಿದಾಗಲೂ ಕಣ್ಣು ಹಾರಿತ್ತು. ಆದರೆ ಪರೀಕ್ಷೆ ಮಾತ್ರ ಉಳೀತು. ಯಾವ ಕಡೆಯ ಒಳಕಿವಿ ಕೆಟ್ಟಿದೆ ಅಂತ ನೋಡೋಕೆ ಇವತ್ತಿಗೂ ಅದನ್ನ ಮಾಡ್ತಾರೆ.

ಈ ಕೆಲಸಕ್ಕೆ ಬಾರಾನಿಗೆ 1914ರ ನೊಬೆಲ್ ಬಂತು. ಸುದ್ದಿ ತಲುಪಿದಾಗ ಅವನಿದ್ದದ್ದು ರಷ್ಯಾದವರ ಯುದ್ಧಕೈದಿಗಳ ಶಿಬಿರದಲ್ಲಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸೇನೆಯ ವೈದ್ಯನಾಗಿ ಹೋಗಿ ಸೆರೆ ಸಿಕ್ಕಿದ್ದ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯೆ ಬಂದ ಮೇಲೆ 1916ರಲ್ಲಿ ಬಿಡುಗಡೆ. ವಿಯೆನ್ನಾಕ್ಕೆ ವಾಪಸ್ ಬಂದರೆ, ‘ಬೇರೆಯವರ ಕೆಲಸಕ್ಕೆ ಸರಿಯಾಗಿ ಕ್ರೆಡಿಟ್ ಕೊಟ್ಟಿಲ್ಲ’ ಅಂತ ಸಹೋದ್ಯೋಗಿಗಳ ಆರೋಪ. ಬೇಸರದಿಂದ ಸ್ವೀಡನ್ನಿನ ಉಪ್ಸಾಲಾಕ್ಕೆ ಹೋದವನು 1936ರಲ್ಲಿ ಸಾಯೋವರೆಗೂ ಅಲ್ಲೇ ಇದ್ದ. ಅಲ್ಲಿ ಅವನ ಜೊತೆ ಕೆಲಸ ಮಾಡಿದ್ದ ಲೊರೆಂಟೆ ದೆ ನೋ, 1933ರಲ್ಲಿ ಈ ರಿಫ್ಲೆಕ್ಸ್‌ನ ದಾರಿಯನ್ನು ವಿವರಿಸಿದ. ಕಿವಿಯಿಂದ ಕಣ್ಣಿಗೆ ಅತಿ ಹತ್ತಿರದ ದಾರಿಯಲ್ಲಿ ಮೂರೇ ನರಕೋಶ. ಇಷ್ಟು ವೇಗ ಸಾಧ್ಯವಾಗೋದು ಅದಕ್ಕೇ.

ಸರಿ, ಇದು ಪೂರ್ತಿ ಹೋಗಿಬಿಟ್ಟರೆ? ಅದೂ ಆಯ್ತು. 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು. ಕ್ಷಯಕ್ಕೆ ನಿಜವಾಗಿ ನಾಟಿದ ಮೊದಲ ಔಷಧ. ಲೆಕ್ಕವಿಲ್ಲದಷ್ಟು ಜೀವ ಉಳಿಸಿತು, ಕೆಲವರ ಒಳಕಿವಿಯ ಸಮತೋಲನ ಕೆಡಿಸಿತು. ಹಾಗೆ ಕಳ್ಕೊಂಡ ಒಬ್ಬ ವೈದ್ಯ 1952ರಲ್ಲಿ, ಪೂರ್ತಿ ಹೆಸರು ಹಾಕದೆ ಇನಿಷಿಯಲ್ ಮಾತ್ರ ಹಾಕಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ತನ್ನ ಅನುಭವ ಬರೆದ. ಹಾಸಿಗೆಯಲ್ಲಿ ಅಲ್ಲಾಡದೆ ಕೂತು ಓದಿದರೂ ಅಕ್ಷರ ಕುಣೀತಿತ್ತು. ಯಾಕೆ ಗೊತ್ತಾ? ಪ್ರತಿ ನಾಡಿಬಡಿತಕ್ಕೂ ತಲೆ ಒಂಚೂರು ಅಲುಗುತ್ತೆ. ಅದನ್ನು ತಡೆಯೋಕೆ ಮಂಚದ ತಲೆಕಡೆಯ ಎರಡು ಕಂಬಿಗಳ ನಡುವೆ ತಲೆ ಆನಿಸಿಕೊಂಡು ಓದ್ತಿದ್ದ. ನಡೆಯುವಾಗ ಎದುರಿಗೆ ಬಂದವರ ಮುಖ ಗುರುತು ಸಿಗ್ತಿರಲಿಲ್ಲ, ನಿಂತು ನೋಡಬೇಕಿತ್ತು. ನಮಗೆ ಎದೆಬಡಿತದಿಂದ ಜಗತ್ತು ಅಲ್ಲಾಡೋದು ಕಾಣಲ್ಲ. ಕಾಣದ ಹಾಗೆ ನೋಡಿಕೊಳ್ಳೋದು ಈ ರಿಫ್ಲೆಕ್ಸ್.

ಕೊನೆಯ ತಿರುವು 1988, ಸಿಡ್ನಿ. ಹಲ್ಮಾಗಿ ಮತ್ತು ಕರ್ಥೋಯ್ಸ್ ಅನ್ನೋ ಇಬ್ಬರು ಯಾವ ಯಂತ್ರವೂ ಬೇಡದ ಪರೀಕ್ಷೆ ತೋರಿಸಿದ್ರು. ರೋಗಿ ವೈದ್ಯರ ಮೂಗನ್ನೇ ನೋಡ್ತಿರಬೇಕು. ವೈದ್ಯರು ತಲೆಯನ್ನು ಥಟ್ಟನೆ ಸ್ವಲ್ಪವೇ ತಿರುಗಿಸ್ತಾರೆ. ಆ ಕಡೆಯ ಒಳಕಿವಿ ಸರಿಯಿಲ್ಲದಿದ್ದರೆ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಮೂಗಿಗೆ ವಾಪಸ್ ಜಿಗಿಯುತ್ತೆ. ಇದನ್ನು ಮನೇಲಿ ಮಾಡ್ಬೇಡಿ, ತರಬೇತಿ ಇದ್ದವರ ಕೆಲಸ.

ಇಲ್ಲೊಂದು ಉಲ್ಟಾ ವಿಷಯ ಇದೆ. ಬಿಡದೆ ತಲೆ ಸುತ್ತುತ್ತಾ ಇದೆ, ಆದರೆ ಈ ಪರೀಕ್ಷೆಯಲ್ಲಿ ರಿಫ್ಲೆಕ್ಸ್ ಸರಿಯಾಗೇ ಇದೆ ಅಂದ್ರೆ ಹೆಚ್ಚು ಭಯಪಡಬೇಕು. ಕಿವಿ ಚೆನ್ನಾಗಿದೆ, ತೊಂದರೆ ಮೆದುಳಲ್ಲಿ, ಅಂದ್ರೆ ಸ್ಟ್ರೋಕ್ ಇರಬಹುದು. ಇದರ ಜೊತೆ ಇನ್ನೆರಡು ಕಣ್ಣಿನ ಪರೀಕ್ಷೆ ಸೇರಿಸಿದರೆ, ಮೊದಲ ಒಂದೆರಡು ದಿನದ ಎಂಆರ್‌ಐಗೂ ತಪ್ಪಿಹೋಗುವ ಸ್ಟ್ರೋಕ್ ಸಿಗಬಹುದು ಅಂತ 2009ರ ಒಂದು ಅಧ್ಯಯನ ತೋರಿಸಿತು.

ನಮ್ಮಲ್ಲಿ ತಲೆಸುತ್ತು ಅಂದ ತಕ್ಷಣ ‘ಊಟ ಮಾಡಿಲ್ಲ’, ‘ಪಿತ್ತ’, ‘ಫೋನ್ ನೋಡಿದ್ದು ಜಾಸ್ತಿ ಆಯ್ತು’ ಅಂತ ಹೇಳಿಬಿಡ್ತೀವಿ. ಇನ್ಮೇಲೆ ಮನೇಲಿ ಯಾರಾದ್ರೂ ಹಾಗೆ ಅಂದರೆ ಎರಡು ಪ್ರಶ್ನೆ ಜಾಸ್ತಿ ಕೇಳಿ. ಯಾವಾಗ, ಎಷ್ಟು ಹೊತ್ತು, ಕಿವಿಯಲ್ಲಿ ಶಬ್ದ ಇದೆಯಾ, ಮಾತು ತೊದಲ್ತಿದೆಯಾ, ಎರಡೆರಡು ಕಾಣ್ತಿದೆಯಾ. ದಿಢೀರ್ ಅಂತ ಬಂದು ನಿಲ್ಲದೇ ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ನೀರು ತಣ್ಣಗಿದ್ದರೆ ಮಾತ್ರ ಹೀಗಾಗುತ್ತೆ ಅಂದ ಆ ರೋಗಿಯ ಹೆಸರು ಬಾರಾನಿಯ ಕಥೆಯಲ್ಲಿ ಬರಲ್ಲ. ಆದರೆ ಆ ಮಾತನ್ನು ಕೇಳಿಸ್ಕೊಂಡಿದ್ದಕ್ಕೇ ಒಂದು ನೊಬೆಲ್ ಬಂತು.

ಮುಂದಿನ ವಾರ ಸಿಗೋಣ.